ಮೈಗೆ ಹತ್ತುವ ತೂಕ

“ಮೊದಲೆಲ್ಲ ಏನು ತಿಂದರೂ ಇವನ ಮೈಗೆ ಹತ್ತುತ್ತಿರಲಿಲ್ಲ ಮೇಡಂ. ಈಗ ಮೂರು ತಿಂಗಳಲ್ಲಿ ಆರು ಕೆಜಿ ಏರಿದ್ದಾನೆ. ಆದರೂ ಸುಸ್ತು ಸುಸ್ತು ಅನ್ನುತ್ತಾನೆ,” ಎನ್ನುತ್ತಾ ಹಾವೇರಿ ಕಡೆಯ ತಾಯಿಯೊಬ್ಬರು ಮಗನನ್ನು ನನ್ನ ಮುಂದೆ ಕೂರಿಸಿದರು. ಹುಡುಗನಿಗೆ 24 ವರ್ಷ, ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸ. ಮನೆಯಲ್ಲಿ ಮದುವೆಯ ಮಾತು ಶುರುವಾದಾಗ ಅವನ ಎತ್ತರ 172 ಸೆಂ.ಮೀ., ತೂಕ 51 ಕೆಜಿ. ನೆಂಟರ ಬಾಯಲ್ಲಿ “ಕಡ್ಡಿ” ಎನಿಸಿಕೊಂಡು ಬೇಸತ್ತು, ದಿನಕ್ಕೆರಡು ಮಿಲ್ಕ್‌ಶೇಕ್, ಬೆಣ್ಣೆ ದೋಸೆ, ನಡುರಾತ್ರಿ ಬಿರಿಯಾನಿ, ಮಲಗುವ ಮುನ್ನ ಸಿಹಿ ಎಂದು ಹಟ ಹಿಡಿದು ತಿಂದಿದ್ದ.

ಅವನ ಅಂಗಿ ನೋಡಿದರೆ ಸಾಕಿತ್ತು. ಭುಜದ ಹೊಲಿಗೆ ತೋಳಿನ ಮೇಲೆ ಜೋತುಬಿದ್ದಿತ್ತು, ಹೊಟ್ಟೆಯ ಬಳಿಯ ಗುಂಡಿ ಕಿತ್ತು ಬರುವಷ್ಟು ಬಿಗಿದಿತ್ತು. ಟೇಪು ಹಿಡಿದರೆ ಸೊಂಟ 84 ಸೆಂ.ಮೀ. ನೂರರ ಒಳಗಿರಬೇಕಾದ ಖಾಲಿ ಹೊಟ್ಟೆಯ ಸಕ್ಕರೆ 108. ತಂದೆಗೆ ಆಗಲೇ ಸಕ್ಕರೆ ಕಾಯಿಲೆ.

ನಮ್ಮವರ ಮೈಕಟ್ಟಿನ ಈ ಗುಣವನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಹಳ ಚೆನ್ನಾಗಿ ತೋರಿಸಿಕೊಟ್ಟರು. ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಫೋಟೊ ಅದು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ, ಒಂದೇ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನೋಡಲು ಸಣ್ಣಗಿದ್ದರೂ ಒಳಗೆ ಕೊಬ್ಬು ಕೂಡಿಕೊಂಡಿರುವುದು ನಮ್ಮಲ್ಲಿ ಸಾಮಾನ್ಯ. ಅದಕ್ಕೇ ತೂಕ ಏರಿಸಲು ಬಂದವರಿಗೆ ನಾನು ತಕ್ಕಡಿಯ ಜೊತೆಗೆ ಟೇಪನ್ನೂ ಇಟ್ಟುಕೊಳ್ಳಲು ಹೇಳುತ್ತೇನೆ. ನಮ್ಮ ಗಂಡಸರಿಗೆ ಸೊಂಟದ ಮಿತಿ 90, ಹೆಂಗಸರಿಗೆ 80 ಸೆಂ.ಮೀ. ಆ ಗೆರೆ ತಲುಪುವವರೆಗೂ ಕಾಯಬಾರದು. ತೂಕ ಏರಿದಷ್ಟೂ ಸೊಂಟವೇ ಹಿಗ್ಗುತ್ತಿದ್ದರೆ ದಾರಿ ತಪ್ಪಿದೆ ಎಂದೇ ಲೆಕ್ಕ.

ಊಟದ ವಿಚಾರಕ್ಕೆ ಬರುವ ಮೊದಲು ಒಂದು ಮಾತು. ಹುಟ್ಟಿನಿಂದ ಸಣಕಲಾಗಿರುವುದು ಬೇರೆ, ಇದ್ದ ತೂಕ ಕಾರಣವಿಲ್ಲದೆ ಇಳಿಯುವುದು ಬೇರೆ. ಕೆಲವೇ ತಿಂಗಳಲ್ಲಿ ಅರವತ್ತು ಕೆಜಿಯವರು ತಾನಾಗಿ ಮೂರು ಕೆಜಿ ಕಳೆದುಕೊಂಡರೆ ಮೊದಲು ವೈದ್ಯರನ್ನು ಕಾಣಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇವ್ಯಾವುದಕ್ಕೂ ತುಪ್ಪ ಮದ್ದಲ್ಲ.

ಈ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ. ಅವನ ದಿನಚರಿ ಬರೆಸಿದಾಗ ನಿಜ ತಿಳಿಯಿತು. ಮಧ್ಯಾಹ್ನ ಎರಡರವರೆಗೆ ಬರೀ ಕಾಫಿ. ನಾನು ಕೇಳಿದ್ದು ದಿನಕ್ಕೆ 300–400 ಕ್ಯಾಲೊರಿ ಹೆಚ್ಚುವರಿ ಮಾತ್ರ. ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸೇರಿದರೆ ಅಷ್ಟಾಯಿತು. ಉಳಿದದ್ದು ತಾಯಿಯ ಅಡುಗೆಯೇ: ರೊಟ್ಟಿಗೆ ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎರಡು ಮೊಟ್ಟೆ. ಅನ್ನದ ಗುಡ್ಡೆ ದೊಡ್ಡದಾಗಿ ಬೇಳೆ ತೆಳ್ಳಗೆ ಹರಿಯುವ ತಟ್ಟೆಯಿಂದ ಸ್ನಾಯು ಬೆಳೆಯುವುದಿಲ್ಲ. ವ್ಯಾಯಾಮ ಮಾಡುವವರಿಗೆ ತೂಕದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ಇವನಿಗೆ ದಿನಕ್ಕೆ ಸುಮಾರು 70–90 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನು ತಾವಾಗಿ ಹಿಡಿಯಬಾರದು.

ತಾಯಿಗೆ ಒಂದು ಸಂಶಯ: “ನಮ್ಮೂರ ಪೈಲ್ವಾನರು ಸೇರುಗಟ್ಟಲೆ ಹಾಲು, ತುಪ್ಪ, ಬಾದಾಮಿ ತಿನ್ನುತ್ತಿದ್ದರಲ್ಲ?” ತಿನ್ನುತ್ತಿದ್ದರು, ನಿಜ. ಆದರೆ ಅದೇ ಪೈಲ್ವಾನರು ನಸುಕಿನಲ್ಲಿ ಗರಡಿಮನೆಗೆ ಇಳಿದು ನೂರಾರು ದಂಡ, ಬೈಠಕ್ ಹೊಡೆಯುತ್ತಿದ್ದರು. ನಾವು ಅವರ ತಟ್ಟೆಯನ್ನು ಉಳಿಸಿಕೊಂಡು ಗರಡಿಯನ್ನು ಬಿಟ್ಟೆವು. ಕೆಲಸ ಕೊಡದ ತೋಳಿಗೆ ಅನ್ನ ಇಳಿಯುವುದಿಲ್ಲ, ಅದು ಹೊಟ್ಟೆಯಲ್ಲೇ ಬಿಡಾರ ಹೂಡುತ್ತದೆ. ಹುಡುಗನಿಗೆ ವಾರದಲ್ಲಿ ಮೂರು ದಿನ ದಂಡ, ಬೈಠಕ್, ಭಾರ ಎತ್ತುವುದನ್ನು ಹೇಳಿಕೊಟ್ಟೆವು. ಹಗಲಾದರೂ ಸರಿ, ಕತ್ತಲೆ ಕೋಣೆಯಲ್ಲಿ ಏಳು ಗಂಟೆ ನಿದ್ದೆ ಮಾಡಲು ಒಪ್ಪಿಸಿದೆವು.

ಮೊದಲ ಎರಡು ತಿಂಗಳು ತೂಕ ಅಲುಗಲಿಲ್ಲ. ಸೊಂಟ ಇಳಿಯಿತು, ತಾಯಿ ಗಾಬರಿಯಾದರು. ಏಳನೆಯ ತಿಂಗಳಿಗೆ ತೂಕ 59, ಸೊಂಟ 80, ಸಕ್ಕರೆ 94. ಅದೇ ಅಂಗಿ ಈಗ ಭುಜದ ಮೇಲೆ ಸರಿಯಾಗಿ ಕೂತಿತ್ತು.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು “ಹದಿನೈದು ದಿನದಲ್ಲಿ ಮೈ ತುಂಬಿಸುವ” ಪುಡಿಗಳು. ಇಂಥ ಕೆಲವು ಪುಡಿಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮತ್ತು ಹಸಿವು ಹೆಚ್ಚಿಸುವ ಸಿಪ್ರೊಹೆಪ್ಟಡಿನ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಮುಖ ತುಂಬಿಕೊಂಡಂತೆ ಕಾಣುತ್ತದೆ. ಅದು ನೀರು ಮತ್ತು ಕೊಬ್ಬಿನ ಊತ. ಒಳಗೊಳಗೇ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಬಹಳ ದಿನ ತಿಂದವರು ಹೆದರಿ ಥಟ್ಟನೆ ನಿಲ್ಲಿಸುವುದೂ ಅಪಾಯ, ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಅಂಥದ್ದೇನಾದರೂ ತಿನ್ನುತ್ತಿದ್ದರೆ ಮುಚ್ಚಿಡಬೇಡಿ. ವೈದ್ಯರ ಬಳಿಗೆ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.