ಹಗೇವಿನೊಳಗಿನ ಜಪಾನಿ ಪದಗಳು

ಜಪಾನಿ ಕಲಿಯುತ್ತಿರುವ ಅಕ್ಕನ ಮಗಳು ನೋಟ್‌ಬುಕ್ ತಂದು ಮುಂದಿಟ್ಟಳು. ಪುಟದ ತುಂಬಾ ಒಂದೇ ಪದ. ಮಿಝು, ಮಿಝು, ಮಿಝು. ಅಂದರೆ ನೀರು. ಹೀಗೇ ಹತ್ತಾರು ಪುಟ.

"ಇಷ್ಟು ಬರದ್ರೂ ಮರುದಿನ ಒಂದೂ ನೆನಪ ಬರವಲ್ದು ಮಾಮಾ. ನನ್ನ ತಲ್ಯಾಗೇ ಏನೋ ಕಮ್ಮಿ ಅದ" ಅಂದಳು.

ತಲೆಯಲ್ಲಿ ಏನೂ ಕಮ್ಮಿ ಇಲ್ಲ. ಆದರೆ ಮನೆಯಲ್ಲಿ ಆಗಲೇ ಬಾದಾಮಿ ನೆನೆಹಾಕಿದ್ದರು. ಯಾರೋ ಬ್ರಾಹ್ಮಿ ಎಲೆ ಅರೆದು ಕುಡಿಸಿ ಅಂದಿದ್ದರು. ಇನ್ಯಾರೋ, ರಾತ್ರಿ ಕಿವಿಗೆ ಇಯರ್‌ಫೋನ್ ಹಾಕಿ ಮಲಗಿದರೆ ಪದಗಳು ತಾನಾಗಿ ಒಳಗೆ ಹೋಗುತ್ತವೆ ಅಂದಿದ್ದರು. ಇಂಥ ಮಾತು ಕೇಳಿದಾಗ ನನಗೆ ಬೇಸರವಾಗುತ್ತದೆ. ಮರೆವನ್ನು ಕಾಯಿಲೆ ಅಂದುಕೊಂಡು ಮಕ್ಕಳು ಓದುವುದನ್ನೇ ಬಿಡುತ್ತಾರಲ್ಲ, ಅದಕ್ಕೆ.

1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಮರೆವನ್ನು ಅಳೆದು ತೋರಿಸಿದರು. ಪ್ರಯೋಗ ಮಾಡಿದ್ದು ತಮ್ಮ ಮೇಲೆಯೇ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುವುದು. ಸ್ವಲ್ಪ ಹೊತ್ತು ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವುದು. ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅಂತ ಲೆಕ್ಕ ಹಾಕುವುದು. ಸುಮಾರು 20 ನಿಮಿಷ ಬಿಟ್ಟರೆ ಉಳಿತಾಯ ಶೇ. 58. ಒಂದು ದಿನ ಬಿಟ್ಟರೆ ಶೇ. 34. ಹಾಗಾದರೆ 31 ದಿನ ಬಿಟ್ಟರೆ ಸೊನ್ನೆ ಆಗಿರಬೇಕು ಅಲ್ವಾ? ಆಗಿರಲಿಲ್ಲ. ಶೇ. 21 ಇನ್ನೂ ಉಳಿದಿತ್ತು. ಮರೆವು ಮೊದಲ ದಿನ ಓಡುತ್ತದೆ, ಆಮೇಲೆ ಕುಂಟುತ್ತದೆ. ಹೊಸದಾಗಿ ಜಪಾನಿ ಕಲಿಯುವ ಕನ್ನಡದ ಹುಡುಗಿಗೆ ಮಿಝು ಕೂಡ ಅರ್ಥವಿಲ್ಲದ ಉಚ್ಚಾರವೇ. ಮರುದಿನ ಮರೆತಿದ್ದರೆ ಅವಳ ತಲೆ ಎಲ್ಲರ ತಲೆಯಂತೆಯೇ ಕೆಲಸ ಮಾಡುತ್ತಿದೆ ಎಂದರ್ಥ.

ಆ ಶೇ. 21 ನನ್ನನ್ನು ಬಹಳ ದಿನ ಕಾಡಿತು. ನೆನಪಿಗೇ ಬಾರದ ಪದ ಒಳಗೆ ಉಳಿದಿರುವುದು ಹೇಗೆ?

ನಮ್ಮ ಕಡೆ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿಬಿಡುತ್ತಿದ್ದರು. ಕಾಳು ಒಳಗೇ ಇರುತ್ತದೆ. ಆದರೆ ಹಗೇವಿನ ಬಾಯಿ ಎಲ್ಲಿದೆ ಅಂತ ಮರೆತರೆ ಮನೆಯಲ್ಲಿ ರೊಟ್ಟಿ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ಹೇಳುವುದು ಇಂಥದ್ದೇ ಮಾತು. ನೆನಪಿಗೆ ಎರಡು ಬಲ. ಒಳಗೆ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನೋದು ಒಂದು. ಈಗ ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಅನ್ನೋದು ಇನ್ನೊಂದು. ಒಂದೇ ಪದವನ್ನು ಹತ್ತು ಸಲ ಬರೆದಾಗ ಅದು ಕಣ್ಣೆದುರೇ ಇರುತ್ತದೆ. ಅಗೆಯುವ ಕೆಲಸವೇ ಇಲ್ಲ. ಸಂಜೆಯ ಹೊತ್ತಿಗೆ ಎಲ್ಲಾ ಬಂತು ಅನಿಸುತ್ತದೆ, ಬೆಳಿಗ್ಗೆ ಹಗೇವಿನ ಬಾಯಿ ಮುಚ್ಚಿಹೋಗಿರುತ್ತದೆ. ಅರ್ಧ ಮರೆತ ಮೇಲೆ ತಡಕಾಡಿ ಅಗೆದು ತೆಗೆದರೆ ಮಾತ್ರ ಆ ಜಾಗ ಕೈಗೆ ರೂಢಿಯಾಗುತ್ತದೆ.

ತೊಗರಿಯನ್ನೇ ನೋಡಿ. ಮೇಲ್ಮಣ್ಣು ಒಣಗಿದಂತೆ ಅದರ ಬೇರು ಪಸೆ ಹುಡುಕಿಕೊಂಡು ಎರೆಯ ಆಳಕ್ಕೆ ಇಳಿಯುತ್ತದೆ. ಪದಕ್ಕೂ ಅಂಥ ಒಣ ದಿನಗಳು ಬೇಕು. ಇನ್ನೂ ಸರಳವಾಗಿ ಹೇಳಬೇಕೆಂದರೆ, ಅವ್ವ ರೊಟ್ಟಿ ಬಡಿಯುವುದನ್ನು ಹತ್ತು ವರ್ಷ ನೋಡಿದವರಿಗೂ ಕೊಣಮಿಗೆ ಮುಂದೆ ಕೂತಾಗ ಮೊದಲ ರೊಟ್ಟಿ ಹರಿಯುತ್ತದೆ. ನೋಡುವುದೇ ಬೇರೆ, ಬಡಿಯುವುದೇ ಬೇರೆ.

ಇದಕ್ಕೆ ಒಳ್ಳೆಯ ಪುರಾವೆ ಇದೆ. 2008ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಕಾಲೇಜು ವಿದ್ಯಾರ್ಥಿಗಳಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದ ಕಲಿಸಿದರು. ಒಮ್ಮೆ ಬಂದ ಪದವನ್ನು ಕೆಲವರು ಮತ್ತೆ ಮತ್ತೆ ನೋಡಿದರು, ಆದರೆ ಪರೀಕ್ಷೆ ಕೊಡಲಿಲ್ಲ. ಕೆಲವರು ಮತ್ತೆ ಮತ್ತೆ ಪರೀಕ್ಷೆ ಕೊಟ್ಟರು. ವಾರ ಬಿಟ್ಟು ಕೇಳಿದಾಗ ಪರೀಕ್ಷೆ ಕೊಟ್ಟವರಿಗೆ ಶೇ. 80ರಷ್ಟು ನೆನಪಿತ್ತು. ಬರೀ ನೋಡಿದವರಿಗೆ ಶೇ. 36. ನಿಮಗೆಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದ್ದಾಗ ಎಲ್ಲಾ ಗುಂಪಿನವರೂ ಹೆಚ್ಚುಕಡಿಮೆ ಅರ್ಧದಷ್ಟು ಅಂದಿದ್ದರು. ಯಾವುದು ಉಳಿಯುತ್ತದೆ ಅಂತ ಕಲಿಯುವವರಿಗೇ ಗೊತ್ತಾಗುವುದಿಲ್ಲ. ನನಗೆ ಆ ಶೇ. 80ಕ್ಕಿಂತ ಇದೇ ದೊಡ್ಡ ಸಂಗತಿ.

ಹಾಗಾಗಿ ನಾವು ನೋಟ್‌ಬುಕ್ ಮುಚ್ಚಿಟ್ಟೆವು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಬೇಕಾದಷ್ಟಿದ್ದವು, ಗಟ್ಟಿ ಕಾಗದ. ಬೆರಳುದ್ದಕ್ಕೆ ಕತ್ತರಿಸಿದೆವು. ಖಾಲಿ ಬದಿಗೆ ಹಿರಗಾನ ಎಂಬ ಜಪಾನಿ ಲಿಪಿಯಲ್ಲಿ ಪದ. ಅಚ್ಚಿನ ಬದಿಗೆ ಬಿಳಿ ಹಾಳೆ ಅಂಟಿಸಿ ಕನ್ನಡದ ಅರ್ಥ. ಮಿಝು ಕಾರ್ಡಿನ ಮೂಲೆಯಲ್ಲಿ ಈಗಲೂ ಅರಿಶಿನದ ಕಲೆ ಇದೆ. ಚಪ್ಪಲಿ ಡಬ್ಬಿಗೆ ರಟ್ಟು ಸಿಗಿಸಿ ಐದು ಖಾನೆ ಮಾಡಿದೆವು. ಮೊದಲ ಖಾನೆ ದಿನವೂ ತೆಗೆಯುವುದು, ಎರಡನೆಯದು ಎರಡು ದಿನಕ್ಕೆ, ಆಮೇಲೆ ನಾಲ್ಕು, ಎಂಟು, ಹದಿನಾರು. ಸರಿ ಹೇಳಿದರೆ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. 1970ರ ದಶಕದಲ್ಲಿ ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಡಬ್ಬಿ ಇದು. ಪದ ಕಲಿಸುವ ಹಲವು ಮೊಬೈಲ್ ಆ್ಯಪ್‌ಗಳ ಒಳಗಿರುವುದೂ ಇಂಥದ್ದೇ ಉಪಾಯ. ಕಾರ್ಡ್ ತಿರುಗಿಸುವ ಮುಂಚೆ ಹತ್ತು ಎಣಿಸಬೇಕು ಅನ್ನೋದು ನಾನು ಹಾಕಿದ ನಿಯಮ. ಆ ಹತ್ತು ಎಣಿಕೆಯಲ್ಲೇ ಹಗೇವಿನ ಬಾಯಿ ತೆರೆಯುವುದು.

ಮೊದಲ ಸಲ ಪದ ಒಳಗೆ ಕೂರಬೇಕಲ್ಲ, ಅದಕ್ಕೆ ಕೊಕ್ಕೆ ಬೇಕು. 1975ರಲ್ಲಿ ಅಮೆರಿಕದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾ ರಷ್ಯನ್ ಪದಗಳನ್ನು ಹೀಗೆ ಕಲಿಸಿದರು: ಸದ್ದಿಗೆ ಹತ್ತಿರದ ಪದವೊಂದನ್ನು ನಿಮ್ಮ ಭಾಷೆಯಲ್ಲಿ ಹುಡುಕಿ, ಎರಡನ್ನೂ ಸೇರಿಸಿ ಒಂದು ಚಿತ್ರ ಕಟ್ಟಿ. 120 ಪದಗಳಲ್ಲಿ ಹೀಗೆ ಕಲಿತವರಿಗೆ ಶೇ. 72 ಬಂತು, ಉಳಿದವರಿಗೆ ಶೇ. 46.

ಕನ್ನಡದಲ್ಲಿ ಕೊಕ್ಕೆಗಳಿಗೆ ಬರವಿಲ್ಲ. ಜಪಾನಿಯಲ್ಲಿ ಕಸ ಅಂದರೆ ಛತ್ರಿ. ಛತ್ರಿ ಬಿಚ್ಚಿದರೆ ತಲೆ ಮೇಲೆ ಕಸ ಸುರಿಯಿತು ಅಂದುಕೊಳ್ಳಿ. ಯಮ ಅಂದರೆ ಬೆಟ್ಟ. ಮೊರಿ ಅಂದರೆ ಕಾಡು, ಮೋರಿಯೊಳಗೆ ಕಾಡು ಬೆಳೆದಿದೆ. ಅಕಿ ಅಂದರೆ ಶರತ್ಕಾಲ, ಜಪಾನಿನಲ್ಲಿ ಅದೇ ಭತ್ತ ಕೊಯ್ಯುವ ಕಾಲ, ಅಕ್ಕಿ ಮನೆಗೆ ಬರುತ್ತದೆ. ನೈ ಅಂದರೆ ಇಲ್ಲ. ಕಲಬುರಗಿಯ ಓಣಿಯಲ್ಲಿ ದಖ್ಖನಿ ಉರ್ದು ಕೇಳಿ ಬೆಳೆದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ.

ಇಲ್ಲೇ ಒಂದು ಎಚ್ಚರಿಕೆ. ಇಂಥ ನಾಲ್ಕು ಪದ ಸಿಕ್ಕ ಕೂಡಲೇ ಜಪಾನಿ ಹುಟ್ಟಿದ್ದು ನಮ್ಮ ಭಾಷೆಯಿಂದ ಅನ್ನುವವರು ಬರುತ್ತಾರೆ. ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳಿನ ನಂಟನ್ನು ಬಹಳ ವರ್ಷ ವಾದಿಸಿದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಮನುಷ್ಯನ ಬಾಯಿಂದ ಹೊರಡುವ ಸದ್ದುಗಳು ಕೆಲವೇ, ಪದಗಳು ಸಾವಿರಾರು. ಆಕಸ್ಮಿಕ ಹೋಲಿಕೆ ಆಗಿಯೇ ತೀರುತ್ತದೆ. ಕೊಕ್ಕೆಯನ್ನು ಕೊಕ್ಕೆಯಾಗಿ ಬಳಸಿ, ನೆಂಟಸ್ತನ ಕಟ್ಟಬೇಡಿ.

ನಿಜವಾದ ನಂಟು ಬೇರೆ ಕಡೆ ಇದೆ, ಅದು ಇದಕ್ಕಿಂತ ಚೆಂದ. ಜಪಾನಿ ಅಕ್ಷರಮಾಲೆ ಹೀಗೆ ಹೋಗುತ್ತದೆ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಜೋರಾಗಿ ಓದಿ ನೋಡಿ. ಕಿವಿಗೆ ನಮ್ಮದೇ ಅನಿಸುತ್ತದೆ ಅಲ್ವಾ? ಈಗಿನ ಹ ಹಿಂದೆ ಪ ಆಗಿತ್ತು. ಸ ಕೂಡ 'ಚ'ಗೆ ಹತ್ತಿರದ ಸದ್ದಾಗಿತ್ತು ಅನ್ನುತ್ತಾರೆ. ಹಾಗೆ ಓದಿದರೆ ಕ, ಚ, ತ, ನ, ಪ, ಮ, ಯ, ರ, ವ! ಸಂಸ್ಕೃತ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಓದುತ್ತಿದ್ದ ಬೌದ್ಧ ಭಿಕ್ಷುಗಳ ಕಲಿಕೆಯಿಂದ ಬಂದ ಕ್ರಮ ಇದು. 804ರಲ್ಲಿ ಚೀನಾಕ್ಕೆ ಹೋಗಿ ಆ ವಿದ್ಯೆ ಕಲಿತು ಬಂದ ಜಪಾನಿ ಭಿಕ್ಷು ಕೂಕೈ ಇಂಥವರಲ್ಲಿ ಮುಖ್ಯ. ಸಿದ್ಧಂ ಲಿಪಿಯ ಮೂಲ ಬ್ರಾಹ್ಮಿ, ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿ. ಆ ಬ್ರಾಹ್ಮಿ ನೋಡಬೇಕೆಂದರೆ ನಾವು ದೂರ ಹೋಗಬೇಕಿಲ್ಲ. ಭೀಮಾ ದಂಡೆಯ ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪದ ಜೊತೆ 'ರಾಯೋ ಅಸೋಕೋ' ಅಂತ ಅದೇ ಲಿಪಿಯಲ್ಲಿ ಕೊರೆದಿದ್ದಾರೆ. ಆ ಭಿಕ್ಷುಗಳ ಧರ್ಮದ ಜೊತೆ ಪದಗಳೂ ಹೋದವು. ನರಕ ಅಲ್ಲಿ ನರಕು ಆಯಿತು, ಕ್ಷಣ ಸೆತ್ಸುನ ಆಯಿತು, ಧ್ಯಾನ ಚೀನಾ ದಾಟಿ ಝೆನ್ ಆಯಿತು.

ಆದ್ದರಿಂದ ಹಿರಗಾನವನ್ನು ಇಂಗ್ಲಿಷ್ ಅಕ್ಷರದ ಮೂಲಕ ಕಲಿಯಬೇಡಿ, ನೇರ ಕಾಗುಣಿತದಿಂದ ಕಲಿಯಿರಿ. ಒಬಸಾನ್ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸಾನ್ ಅಂದರೆ ಅಜ್ಜಿ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆ ಚೀಟಿ. ದೀರ್ಘ, ಒತ್ತಕ್ಷರ ತಿಳಿದ ಕಿವಿಗೆ ಇದು ಕಷ್ಟವೇ ಅಲ್ಲ.

ಮೊನ್ನೆ ಐದನೇ ಖಾನೆ ತೆರೆಯುವ ದಿನ. 'ಕಾಡು' ಅಂತ ಬರೆದ ಕಾರ್ಡ್ ಹಿಡಿದೆ. ಅವಳು ಎಣಿಸುವ ಮೊದಲೇ "ಮೊರಿ" ಅಂದಳು.

"ಮೋರಿ ನೆನಪಾಯ್ತೇನು?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಇಲ್ಲ ಮಾಮಾ. ಬರೀ ಗಿಡಾನೇ ಕಂಡ್ವು."

ಸ್ಲ್ಯಾಬ್ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತಾರಲ್ಲ, ಹಾಗೆ ಆ ಮೋರಿ ತಾನಾಗಿ ಕಳಚಿಕೊಂಡಿತ್ತು.