ಲಸಿಕೆ ಸುರಕ್ಷಿತವೆಂದು ತಿಳಿದ ಮೇಲೂ ಭಯವೇಕೆ?

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸುವಂತೆ ವೈದ್ಯರು ಸೂಚಿಸಿದ್ದಾರೆ. ಅದು ಸುರಕ್ಷಿತವೆಂದು ಓದಿ ತಿಳಿದುಕೊಂಡಿದ್ದೇನೆ, ಆದರೂ ಮನಸ್ಸು ಹಿಂಜರಿಯುತ್ತದೆ. ಇದು ನನ್ನ ಅಜ್ಞಾನವೇ?

ಉತ್ತರ: ಖಂಡಿತ ಅಲ್ಲ. ಜ್ವರದಿಂದ ಮಲಗಿದ ಮಗುವಿಗೆ ಚುಚ್ಚುಮದ್ದು ಕೊಡಿಸುವಾಗ ಹೆತ್ತವರು ಅಷ್ಟಾಗಿ ಅಳುಕುವುದಿಲ್ಲ, ಏಕೆಂದರೆ ಸಂಕಟ ಕಣ್ಣೆದುರಿಗೇ ಇರುತ್ತದೆ. ಲಸಿಕೆಯನ್ನಾದರೋ ಆಡಿಕೊಂಡಿರುವ ಮಗುವಿಗೆ, ಎಂದೋ ಬರಬಹುದಾದ ರೋಗಕ್ಕಾಗಿ ಹಾಕಿಸಬೇಕು. ಹಾಕಿಸಿದ ಮೇಲೆ ಏನಾದರೂ ಆದರೆ ಕೈಯಾರೆ ಮಾಡಿದೆನೆಂಬ ಕೊರಗು ಉಳಿಯುತ್ತದೆ. ಹಾಕಿಸದೆ ರೋಗ ಬಂದರೆ ಅದು ಹಣೆಬರಹವೆನಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಇಲಾನಾ ರಿಟೊವ್ ಮತ್ತು ಜೊನಾಥನ್ ಬ್ಯಾರನ್ 1990ರಲ್ಲಿ ಈ ಒಲವನ್ನು ಪರೀಕ್ಷಿಸಿದರು. 10,000 ಮಕ್ಕಳಲ್ಲಿ 10 ಮಂದಿಯನ್ನು ಬಲಿ ತೆಗೆದುಕೊಳ್ಳುವ ಕಲ್ಪಿತ ರೋಗವೊಂದಕ್ಕೆ, ಅದಕ್ಕಿಂತ ಕಡಿಮೆ ಅಪಾಯದ ಲಸಿಕೆಯಿದ್ದರೂ ಹಲವರು ಬೇಡವೆಂದೇ ಹೇಳಿದರು.

ಒಬ್ಬರ ಮನಸ್ಸಿನ ಈ ಅಳುಕು ಇಡೀ ದೇಶವನ್ನು ಆವರಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಸಾಕ್ಷಿ, ಅದೂ ನೀವು ಕೇಳಿರುವ ಲಸಿಕೆಯ ವಿಷಯದಲ್ಲಿಯೇ. 2013ರ ಏಪ್ರಿಲ್‌ನಲ್ಲಿ ಅಲ್ಲಿ ಎಚ್‌ಪಿವಿ ಲಸಿಕೆ ನಿಯತ ಲಸಿಕೆಗಳ ಪಟ್ಟಿಗೆ ಸೇರಿತು. ಅದೇ ವೇಳೆಗೆ, ಲಸಿಕೆ ಪಡೆದ ಕೆಲವು ಹುಡುಗಿಯರು ಮೈನೋವಿನಿಂದ ನರಳುವ, ನಡೆಯಲಾರದೆ ತಡವರಿಸುವ ದೃಶ್ಯಗಳು ಟಿವಿಯಲ್ಲಿ ಮತ್ತೆ ಮತ್ತೆ ಬಂದವು. ಜೂನ್‌ನಲ್ಲಿ ಸರ್ಕಾರ, ಲಸಿಕೆ ಹಾಕಿಸಿಕೊಳ್ಳಿರೆಂದು ತಾನೇ ಮುಂದಾಗಿ ಮಾಡುತ್ತಿದ್ದ ಶಿಫಾರಸನ್ನು ತಡೆಹಿಡಿಯಿತು. ಲಸಿಕೆ ಉಚಿತವಾಗಿಯೇ ಸಿಗುತ್ತಿತ್ತು, ಆದರೆ ಸರ್ಕಾರವೇ ಹಿಂದೆ ಸರಿದಿದೆಯೆಂದರೆ ಏನೋ ಇರಲೇಬೇಕೆಂದು ಹೆತ್ತವರು ಭಾವಿಸಿದರು; ಸುಮಾರು 70 ಪ್ರತಿಶತದಷ್ಟಿದ್ದ ಲಸಿಕೆಯ ಪ್ರಮಾಣ 1 ಪ್ರತಿಶತಕ್ಕಿಂತ ಕೆಳಗೆ ಕುಸಿಯಿತು. ಮುಂದೆ ನಗೋಯಾ ನಗರದ ಸುಮಾರು 30,000 ಯುವತಿಯರ ಸಮೀಕ್ಷೆಯಲ್ಲಿ 24 ಲಕ್ಷಣಗಳನ್ನು ಪರಿಶೀಲಿಸಿದ ಸಂಶೋಧಕರು, ಅವುಗಳಿಗೆ ಲಸಿಕೆ ಕಾರಣವೆನ್ನಲು ಆಧಾರ ಕಾಣಲಿಲ್ಲ. ಶಿಫಾರಸು ಮರಳಿದ್ದು 2022ರ ಏಪ್ರಿಲ್‌ನಲ್ಲಿ. ಆ ಹುಡುಗಿಯರ ನೋವು ಸುಳ್ಳಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಅದನ್ನು ನಟನೆಯೆಂದು ತಳ್ಳಿಹಾಕಿದವರು ಜನರ ಅಪನಂಬಿಕೆಯನ್ನು ಹೆಚ್ಚಿಸುತ್ತಾರೆಯೇ ಹೊರತು ತಗ್ಗಿಸುವುದಿಲ್ಲ. ನರಳುವ ಮಗುವಿನ ಮುಖ ಒಮ್ಮೆ ನೋಡಿದರೂ ಮನಸ್ಸಿನಲ್ಲಿ ನಿಲ್ಲುತ್ತದೆ, ಲಸಿಕೆಯಿಂದಾಗಿ ಕ್ಯಾನ್ಸರ್ ಬಾರದೆ ಉಳಿದವಳಿಗೆ ಅಂಥ ಮುಖವೇ ಇಲ್ಲ.

ಹಾಗೆಂದು ಭಯವನ್ನು ಭಯದಿಂದ ಓಡಿಸಲಾಗದು. ಅಮೆರಿಕದಲ್ಲಿ ದಡಾರದಿಂದ ಸಾವಿನಂಚಿಗೆ ಹೋದ ಕೂಸಿನ ಕಥೆಯನ್ನು ಹೆತ್ತವರಿಗೆ ಓದಿಸಿದಾಗ, 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಲಸಿಕೆ ಹಾಕಿಸುವ ಮನಸ್ಸು ಹೆಚ್ಚಲಿಲ್ಲ. ಬದಲಾಗಿ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮ ಆಗುತ್ತದೆಂಬ ನಂಬಿಕೆಯೇ ಬಲಗೊಂಡಿತು. ಕಳವಳಗೊಂಡ ಮನಸ್ಸಿಗೆ ಇನ್ನಷ್ಟು ಕಳವಳ ತುಂಬಿದರೆ ಅದು ಯಾವ ಕಡೆಗೆ ಹರಿಯುವುದೆಂದು ಹೇಳಬರುವುದಿಲ್ಲ. ಇಂಥದೇ ಬಿಕ್ಕಟ್ಟನ್ನು ಎದುರಿಸಿದ ಡೆನ್ಮಾರ್ಕ್‌ನಲ್ಲಿ 2017ರಿಂದ ಆರೋಗ್ಯ ಇಲಾಖೆ, ವೈದ್ಯರ ಸಂಘ ಮತ್ತು ಕ್ಯಾನ್ಸರ್ ಸಂಸ್ಥೆ ಜೊತೆಗೂಡಿ, ರೋಗವನ್ನು ಅನುಭವಿಸಿದ ಮಹಿಳೆಯರ ಮಾತನ್ನು ಕೇಳಿಸಿದವಲ್ಲದೆ ಹೆತ್ತವರ ಪ್ರಶ್ನೆಗಳಿಗೂ ಉತ್ತರ ಕೊಡುತ್ತ ಬಂದವು, ಲಸಿಕೆಯ ಪ್ರಮಾಣ ಮತ್ತೆ ಏರಿತು. ಕೇಳಿದ್ದಕ್ಕೆ ಬೇಸರಿಸದೆ ಉತ್ತರ ಸಿಕ್ಕಿದ್ದೇ ಇದರಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ.

ಆದ್ದರಿಂದ ನಿಮ್ಮ ಭಯವನ್ನು ಮುಚ್ಚಿಡದೆ ವೈದ್ಯರ ಮುಂದೆ ಹೇಳಿ, ನಿಮ್ಮನ್ನು ಕಾಡುತ್ತಿರುವ ಅಡ್ಡಪರಿಣಾಮದ ಬಗ್ಗೆ ಸ್ಪಷ್ಟವಾಗಿ ಕೇಳಿ. ಮಗಳಿಗೂ ಮೊದಲೇ ತಿಳಿಸಿ, ಅವಳಿಗೂ ಸೂಜಿಯ ಭಯವಿರಬಹುದು. ಹದಿವಯಸ್ಸಿನವರಿಗೆ ಚುಚ್ಚಿಸಿಕೊಂಡ ಕೂಡಲೇ ತಲೆಸುತ್ತು ಬರುವುದುಂಟು. ಅದು ಬಹುತೇಕ ಆತಂಕದ್ದೇ ಹೊರತು ಲಸಿಕೆಯ ವಿಷವಲ್ಲ. ಚುಚ್ಚಿಸಿಕೊಳ್ಳುವಾಗ ಅವಳು ಕುಳಿತಿರಲಿ, ಆಮೇಲೆ 15 ನಿಮಿಷ ಅಲ್ಲಿಯೇ ವಿಶ್ರಮಿಸಲಿ, ನೀವು ಪಕ್ಕದಲ್ಲಿರಿ.