ಎರಡು ನಿಮಿಷದ ದೃಶ್ಯಕ್ಕೆ ಎಷ್ಟು ಶಾಟ್ ಬೇಕು?

ಪ್ರಶ್ನೆ: ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ನಡುಮನೆಯಲ್ಲಿ ಚಾಪೆಯ ಮೇಲೆ ಅಣ್ಣ, ತಮ್ಮ ಎದುರುಬದುರು ಕೂತಿದ್ದಾರೆ. ಮಧ್ಯೆ ಪಾಲುಪತ್ರ, ಅಡುಗೆಮನೆ ಬಾಗಿಲಲ್ಲಿ ಅಮ್ಮ. ಎಷ್ಟು ಶಾಟ್ ತೆಗೆಯಬೇಕು? ಕ್ಯಾಮೆರಾ ಎಲ್ಲೆಲ್ಲಿ ಇಡಬೇಕು?

ಶಾಟ್ ಲೆಕ್ಕ ಆಮೇಲೆ. ದೃಶ್ಯ ಮಗ್ಗುಲು ಬದಲಿಸುವ ಗಳಿಗೆ ಯಾವುದು ಅಂತ ಮೊದಲು ಹುಡುಕಿ. ಸಹಿ ಹಾಕುವ ಮುಂಚೆ ತಮ್ಮ ಒಮ್ಮೆ ಅಮ್ಮನ ಕಡೆ ನೋಡುತ್ತಾನೆ ಅಂದುಕೊಳ್ಳೋಣ. ಹಾಗಿದ್ದರೆ ನಿಮ್ಮ ಕ್ಲೋಸ್‌ಅಪ್ ಆ ನೋಟಕ್ಕೇ ಮೀಸಲು. ಮೊದಲ ಮಾತಿಗೇ ಮುಖದ ಹತ್ತಿರ ಹೋಗಿಬಿಟ್ಟರೆ, ಬೇಕಾದಾಗ ಇನ್ನೂ ಹತ್ತಿರ ಹೋಗಲು ಜಾಗವೇ ಉಳಿಯುವುದಿಲ್ಲ.

ಒಂದು ಹಾಳೆಯಲ್ಲಿ ಕೋಣೆಯನ್ನು ಮೇಲಿನಿಂದ ನೋಡಿದಂತೆ ಬರೆಯಿರಿ. ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ, ಹಿಂದೆ ನಡುವಿನ ಬಾಗಿಲಲ್ಲಿ ಅಮ್ಮ. ಮಾಸ್ಟರ್ ಶಾಟ್‌ನಲ್ಲಿ (ಇಡೀ ದೃಶ್ಯವನ್ನು ಒಟ್ಟಾಗಿ ಹಿಡಿಯುವ ಶಾಟ್) ಮೂವರೂ ಇರಲಿ. ಅಮ್ಮನನ್ನು ಯಾರೂ ಕೇಳುತ್ತಿಲ್ಲ ಅನ್ನುವುದು ಮಾತಿಲ್ಲದೆ ತಿಳಿಯುತ್ತದೆ. ಈಗ ಅಣ್ಣನಿಂದ ತಮ್ಮನಿಗೆ ಒಂದು ಗೆರೆ ಎಳೆಯಿರಿ. ಇಬ್ಬರ ಸಜೆಷನ್ ಶಾಟ್‌ಗಳನ್ನೂ (ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು) ಗೆರೆಯ ಈಚೆಯಿಂದಲೇ, ಅಂದರೆ ಮಾಸ್ಟರ್ ತೆಗೆದ ಬದಿಯಿಂದಲೇ, ತೆಗೆಯಿರಿ. ಅಣ್ಣನ ಲುಕ್ (ನೋಡುವ ದಿಕ್ಕು) ಫ್ರೇಮಿನ ಬಲಕ್ಕೆ, ತಮ್ಮನದು ಎಡಕ್ಕೆ. ಗೆರೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತೆ ಕಾಣುತ್ತದೆ.

ತೊಡಕು ಬರುವುದು ತಮ್ಮ ಅಮ್ಮನ ಕಡೆ ತಿರುಗಿದಾಗ. ಈಚೆಯಿಂದ ಅವನ ಮುಖ ಸರಿಯಾಗಿ ಸಿಗುವುದಿಲ್ಲ. ಇಲ್ಲಿ ಮಾತ್ರ ಧೈರ್ಯವಾಗಿ ಗೆರೆ ದಾಟಿ, ಏಕೆಂದರೆ ಅವನ ನೋಟವೇ ನಮ್ಮನ್ನು ಆಚೆ ಕರೆದೊಯ್ಯುತ್ತದೆ. ಅಮ್ಮನ ಬಲಭುಜದ ಮೇಲಿಂದ, ಅಂದರೆ ಅಣ್ಣ ಕೂತ ಬದಿಯಿಂದ, ತಮ್ಮನನ್ನು ನೋಡಿ. ಅಣ್ಣ ಫ್ರೇಮಿನ ಹೊರಗಿರಲಿ. ಆಗ ತಮ್ಮನ ಲುಕ್ ಎಡಕ್ಕೇ ಉಳಿಯುತ್ತದೆ, ನೋಡುವವರಿಗೆ ಗೊಂದಲವಾಗುವುದಿಲ್ಲ.

ಆಂಗಲ್ ಬಗ್ಗೆ ನನ್ನದೊಂದು ಹಟವಿದೆ: ಅದು ಪಾತ್ರಗಳು ಕೂತು ನಿಂತ ರೀತಿಯಿಂದಲೇ ಹುಟ್ಟಬೇಕು. ನೆಲದಲ್ಲಿ ಕೂತವರನ್ನು ನಿಂತವರ ಎತ್ತರದಿಂದ ತೆಗೆದರೆ ಎಲ್ಲರೂ ಕಾರಣವಿಲ್ಲದೆ ಕುಗ್ಗಿ ಕಾಣುತ್ತಾರೆ. ಮೊಬೈಲನ್ನು ಸ್ಟೂಲಿನ ಮೇಲೋ ಪೇರಿಸಿದ ಇಟ್ಟಿಗೆಗಳ ಮೇಲೋ ಇಟ್ಟು ಅವರ ಕಣ್ಣಿನ ಮಟ್ಟಕ್ಕೆ ತನ್ನಿ. ಅಲ್ಲಿಂದ ನೋಡಿದರೆ ನಿಂತ ಅಮ್ಮ ತಾನಾಗಿಯೇ ಕೆಳಗಿನಿಂದ ಮೇಲೆ ನೋಡುವ ಲೋ ಆಂಗಲ್‌ನಲ್ಲಿ ಸಿಗುತ್ತಾಳೆ, ಅಮ್ಮನ ಭುಜದಿಂದ ಮಗ ಚಿಕ್ಕವನಾಗುತ್ತಾನೆ.

ಪತ್ರದ ಮೇಲೆ ನಿಂತ ಪೆನ್ನಿನ ಒಂದು ಇನ್ಸರ್ಟ್ (ವಸ್ತುವನ್ನಷ್ಟೇ ಹತ್ತಿರದಿಂದ ತೋರಿಸುವ ಶಾಟ್) ಮರೆಯಬೇಡಿ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷದ ಹಿಂದೆಯೇ ಒಂದು ಪ್ರಯೋಗ ಮಾಡಿದ್ದ. ನಟನೊಬ್ಬನ ಅದೇ ಮುಖದ ಶಾಟ್ ಪಕ್ಕ ಸೂಪಿನ ಬಟ್ಟಲಿನ ಶಾಟ್ ಜೋಡಿಸಿದರೆ ನೋಡುವವರಿಗೆ ಹಸಿವು, ಶವಪೆಟ್ಟಿಗೆಯದು ಜೋಡಿಸಿದರೆ ದುಃಖ ಕಂಡಿತಂತೆ. ಹಾಗೆಯೇ ಪೆನ್ನಿನ ಶಾಟ್ ಪಕ್ಕದಲ್ಲಿದ್ದರೆ ತಮ್ಮನ ಮುಖಕ್ಕೆ ಅತಿಯಾದ ನಟನೆ ಬೇಕಾಗುವುದಿಲ್ಲ.

ಒಟ್ಟು ಏಳು: ಮಾಸ್ಟರ್, ಎರಡು ಸಜೆಷನ್, ಇನ್ಸರ್ಟ್, ಅಮ್ಮನ ಭುಜದಿಂದ ತಮ್ಮ, ಅದೇ ಬದಿಯಿಂದ ಅವನ ಕ್ಲೋಸ್‌ಅಪ್, ಮತ್ತು ಅಮ್ಮ. ಮಾಸ್ಟರನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ತೆಗೆದುಕೊಳ್ಳಿ. ಬಾಗಿಲ ಕಡೆಯಿಂದ ತೆಗೆಯುವ ಎರಡನ್ನು ಒಟ್ಟಿಗೆ ಮುಗಿಸಿದರೆ ಲೈಟನ್ನು ಪದೇಪದೇ ತಿರುಗಿಸುವುದು ತಪ್ಪುತ್ತದೆ. ಕ್ಲೋಸ್‌ಅಪ್‌ಗೆ ಫೋನನ್ನು ಮೂಗಿನ ಹತ್ತಿರ ಒಯ್ಯಬೇಡಿ, ಮುಖ ಉಬ್ಬುತ್ತದೆ. ಫೋನಿನಲ್ಲಿ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಇದ್ದರೆ ಹಿಂದೆ ಸರಿದು ಅದನ್ನೇ ಬಳಸಿ. ಟ್ಯೂಬ್‌ಲೈಟ್ ಇದ್ದರೆ ಶಟರ್ ವೇಗ 1/50 ಸೆಕೆಂಡ್ ಇರಲಿ, ಬೆಳಕು ಮಿನುಗುವುದಿಲ್ಲ.

ಅಮ್ಮನ ಶಾಟ್ ಕೊನೆಗಿರಲಿ. ಅವಳು ಒಳಗೆ ಹೋದ ತಕ್ಷಣ ಕಟ್ ಹೇಳಬೇಡಿ, ಬರೀ ಬಾಗಿಲನ್ನು ಇನ್ನೈದು ಸೆಕೆಂಡ್ ತೆಗೆದಿಟ್ಟುಕೊಳ್ಳಿ.